ದೇವನಾರ್ ಹೊಗೆ ಮತ್ತು ನಮ್ಮ ಮುಂಬೈ ಕತೆಗಳು

ಜಯಂತ ಕಾಯ್ಕಿಣಿಯವರ ಮುಂಬೈ ಕತೆಗಳಲ್ಲಿ ಗುರುತಿಲ್ಲದವರೂ ನೆಂಟರಾಗುತ್ತಾರೆ. ನಿಜ, ಇಲ್ಲಿ ಹಾಗೇ. ಆದರೆ ಊರಿನ ಓದುಗರು ಆ ಮಮತೆಯನ್ನಷ್ಟೇ ಎತ್ತಿಕೊಂಡು 'ಮುಂಬೈ ಎಲ್ಲರನ್ನೂ ಸಾಕುತ್ತೆ ಬಿಡಿ' ಅಂದಾಗ ನನಗೆ ಕಸಿವಿಸಿ. ಇಲ್ಲಿರುವ ನಾವೂ ಅದನ್ನೇ ಹೇಳಿ ಕೈತೊಳೆದುಕೊಂಡಿದ್ದೇವೆ ಅನ್ನಿ.

ಗೋವಂಡಿ ಪಕ್ಕದ ದೇವನಾರ್‌ನಲ್ಲಿ 1927ರಿಂದ ಸುರಿದ ನಗರದ ಕಸ ಗುಡ್ಡವಾಗಿದೆ. ಅದರ ಬುಡದಲ್ಲೇ ಜನ ಚಿಂದಿ ಆಯ್ದು, ನೀರನ್ನೂ ದುಡ್ಡು ಕೊಟ್ಟು ತಂದು ಸಂಸಾರ ಮಾಡುತ್ತಾರೆ. 2016ರ ಜನವರಿಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದು ಹೊಗೆ ಚೆಂಬೂರಿಗೂ ಕವಿದಾಗ ಶಾಲೆಗಳಿಗೆ ರಜೆ ಸಿಕ್ಕಿತು. ಬುಡದಲ್ಲಿದ್ದವರು ಅದಕ್ಕೂ ಮುಂಚಿನಿಂದ ಕೆಮ್ಮುತ್ತಿದ್ದರು.

ನಮ್ಮ ಕತೆಗಳಲ್ಲಿ ಚಾಳು, ಲೋಕಲ್, ಮಳೆ ಎಲ್ಲ ಉಂಟು. ಗಟಾರ ಉಕ್ಕಿದರೆ ಮಾತ್ರ ಹಣೆಬರಹವೆಂಬಂತೆ ಬರೆದು ಮುಂದೆ ಹೋಗುತ್ತೇವೆ. ಹೂಳೆತ್ತಬೇಕಿದ್ದ ಕಂತ್ರಾಟುದಾರ, ಬಿಲ್ಲಿಗೆ ಸಹಿ ಹಾಕಿದ ಸಾಹೇಬ, ಇವರೂ ಮುಂಬೈನ ಪಾತ್ರಗಳೇ ಅಲ್ಲವೇ?