ಚಿತ್ರಪಟಗಳಲ್ಲಿ ತಾರತಮ್ಯ

ವಿಜಯಪುರಕ್ಕೆ ಬಂದ ಪರಸ್ಥಳದವರು ಗೋಳಗುಮ್ಮಟವನ್ನೂ ಇಬ್ರಾಹಿಂ ರೋಜಾವನ್ನೂ ನೋಡಿ ಮುಗಿಸಿದ ತರುವಾಯ, ಇವೆರಡರಲ್ಲಿ ಯಾವುದು ಮೇಲೆಂದು ಕೇಳದೆ ಹೋಗುವುದು ವಿರಳ. ಅಳತೆಯ ಪ್ರಶ್ನೆಯಾದರೆ ಉತ್ತರವು ಸುಲಭ. ೧೬೫೬ರಲ್ಲಿ ಪೂರ್ಣಗೊಂಡ ಗೋಳಗುಮ್ಮಟದ ಹೊರವ್ಯಾಸವು ಸುಮಾರು ೧೪೪ ಅಡಿ. ರೋಜಾದ ಗುಮ್ಮಟವು ಅದರ ಮುಂದೆ ಬಾಲಕನಂತೆ. ಆದರೆ ರೋಜಾದ ಕಿಟಕಿಗಳಲ್ಲಿ ಅಕ್ಷರಗಳನ್ನೇ ಜಾಲಂಧ್ರವಾಗಿ ಕಲ್ಲಿನಲ್ಲಿ ಕೊರೆದ ಕೈಗೆಲಸವನ್ನು ಕಂಡವನು ಅಳತೆಗೋಲನ್ನು ಕೆಳಗಿಡುತ್ತಾನೆ. ಊರಿನ ಮನೆಗಳಲ್ಲಿ ಈ ವಾದವು ಇನ್ನೂ ತೀರಿಲ್ಲ.

ಚಿತ್ರಪಟಗಳ ವಿಷಯದಲ್ಲಿಯೂ ಇಂಥದೇ ವಾದವು ಲೋಕದಲ್ಲೆಲ್ಲ ನಡೆದಿದೆ. ಇಂಗ್ಲೆಂಡಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆಯು ೧೯೫೨ರಿಂದ ಹತ್ತು ವರ್ಷಗಳಿಗೊಮ್ಮೆ ವಿಮರ್ಶಕರ ಮತವನ್ನು ಕೂಡಿಸಿ, ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳ ಪಟ್ಟಿಯನ್ನು ಪ್ರಕಟಿಸುತ್ತ ಬಂದಿದೆ. ಮೊದಲನೆಯ ಪಟ್ಟಿಯಲ್ಲಿ ಅಗ್ರಸ್ಥಾನವನ್ನು ಪಡೆದುದು ‘ಬೈಸಿಕಲ್ ಥೀವ್ಸ್’ ಎಂಬ ಇಟಲಿಯ ಚಿತ್ರ. ಅದಕ್ಕಾಗ ನಾಲ್ಕೇ ವರ್ಷ ವಯಸ್ಸು! ೧೯೬೨ರಿಂದ ೨೦೦೨ರವರೆಗೆ ‘ಸಿಟಿಜನ್ ಕೇನ್’ ಆ ಪೀಠದಿಂದ ಕದಲಲಿಲ್ಲ. ೧೯೫೨ರ ಮೊದಲ ಹತ್ತರಲ್ಲಿ ಅದರ ಹೆಸರೇ ಇರಲಿಲ್ಲವೆಂಬುದನ್ನು ಮಾತ್ರ ಮರೆಯಲಾಗದು. ೨೦೧೨ರಲ್ಲಿ ಹಿಚ್‌ಕಾಕನ ‘ವರ್ಟಿಗೋ’ ಮೇಲೇರಿತು. ೨೦೨೨ರಲ್ಲಿ, ಗೃಹಿಣಿಯೊಬ್ಬಳ ಮೂರು ದಿನಗಳ ಮನೆವಾರ್ತೆಯನ್ನು ಮೂರು ಗಂಟೆಗೂ ಮಿಕ್ಕಿ ತೋರಿಸುವ ‘ಝಾನ್ ದೀಲ್ಮಾನ್’ ಎಂಬ ೧೯೭೫ರ ಚಿತ್ರವು ಅದನ್ನೂ ಕೆಳಗಿಳಿಸಿತು.

ಈ ಏರಿಳಿತದ ಕಾರಣವನ್ನು ಚಿತ್ರಗಳಲ್ಲಿ ಹುಡುಕುವುದು ವ್ಯರ್ಥ. ಚಿತ್ರವು ಒಮ್ಮೆ ಮುಗಿದ ಮೇಲೆ ಬದಲಾಗುವುದಿಲ್ಲ, ಬದಲಾದವರು ಮತದಾರರು. ೨೦೧೨ರಲ್ಲಿ ಅವರ ಸಂಖ್ಯೆ ೮೪೬. ೨೦೨೨ರಲ್ಲಿ ೧,೬೦೦ಕ್ಕೂ ಮೇಲೆ. ಅಲ್ಲದೆ ಎಣಿಕೆಯ ಕ್ರಮವನ್ನೂ ಗಮನಿಸಬೇಕು. ಪ್ರತಿಯೊಬ್ಬನೂ ಹತ್ತು ಹೆಸರುಗಳನ್ನು ಬರೆದುಕೊಡುತ್ತಾನೆ, ಅವುಗಳಲ್ಲಿ ಮೇಲುಕೀಳಿಲ್ಲ. ಹೆಚ್ಚು ಜನರ ಹತ್ತರಲ್ಲಿ ಬಂದುದು ಮೊದಲನೆಯದಾಗುತ್ತದೆ. ‘ವರ್ಟಿಗೋ’ ಗೆದ್ದುದು ೧೯೧ ಮತಗಳಿಂದ. ಅಂದರೆ ನಾಲ್ವರಲ್ಲಿ ಮೂವರಿಗೂ ಹೆಚ್ಚು ಜನ ಲೋಕಶ್ರೇಷ್ಠವೆನಿಸಿಕೊಂಡ ಆ ಚಿತ್ರವನ್ನು ತಮ್ಮ ಹತ್ತರೊಳಗೆ ಸೇರಿಸಿಯೇ ಇರಲಿಲ್ಲ! ಇದನ್ನು ಅರಿಯದೆ ‘ಅದೇ ಸರ್ವೋತ್ಕೃಷ್ಟ’ವೆಂದು ಜಗಳಕ್ಕೆ ನಿಲ್ಲುವವರು ಪಟ್ಟಿಯು ಹೇಳದ ಮಾತನ್ನು ಅದರ ಬಾಯಿಂದ ಹೇಳಿಸುತ್ತಾರೆ.

ಟಿಕೋಟಾದ ಒಣದ್ರಾಕ್ಷಿಯ ವ್ಯವಹಾರವನ್ನು ಬಲ್ಲವರಿಗೆ ಇದು ಹೊಸದಾಗಿ ಕಾಣದು. ವ್ಯಾಪಾರಿಯು ಬಣ್ಣವನ್ನೂ ಗಾತ್ರವನ್ನೂ ನೋಡಿ ದರ್ಜೆ ಕಟ್ಟುತ್ತಾನೆ. ಬಾಯಲ್ಲಿ ಹಾಕಿಕೊಂಡ ಮಗು ಬೇರೊಂದು ದರ್ಜೆಯನ್ನು ಹೇಳುತ್ತದೆ. ಎರಡೂ ಸುಳ್ಳಲ್ಲ. ಆದರೆ ವ್ಯಾಪಾರಿಯು ತಾನು ಯಾವುದನ್ನು ನೋಡಿ ದರ್ಜೆ ಕಟ್ಟಿದೆನೆಂಬುದನ್ನು ಮುಚ್ಚಿಡುವುದಿಲ್ಲ. ಪ್ರಾಚೀನರೂ ಹಾಗೆಯೇ ನಡೆದರು. ಕಾಳಿದಾಸನಿಗೆ ಉಪಮೆಯಲ್ಲಿಯೂ ಭಾರವಿಗೆ ಅರ್ಥಗೌರವದಲ್ಲಿಯೂ ದಂಡಿಗೆ ಪದಲಾಲಿತ್ಯದಲ್ಲಿಯೂ ಅಗ್ರಪೂಜೆಯನ್ನು ಸಲ್ಲಿಸಿದರು. ಯಾವ ಗುಣಕ್ಕಾಗಿ ಈ ಮಾನವೆಂಬುದನ್ನು ಒಡನೆಯೇ ಹೇಳಿದರು. ಈ ಕಾಲದ ಪಟ್ಟಿಗಳು ಹೆಸರನ್ನು ಕೊಡುತ್ತವೆ, ಗುಣವನ್ನು ನುಂಗಿಕೊಳ್ಳುತ್ತವೆ.

ಕನ್ನಡದ ಮಟ್ಟಿಗೆ ಈ ಚರ್ಚೆಯನ್ನು ಕೆರಳಿಸಿದುದು ೨೦೨೨ರಲ್ಲಿ ಅಂತರರಾಷ್ಟ್ರೀಯ ಚಿತ್ರವಿಮರ್ಶಕರ ಒಕ್ಕೂಟದ ಭಾರತ ಶಾಖೆಯು ಹೊರಡಿಸಿದ ಹತ್ತು ಭಾರತೀಯ ಚಿತ್ರಗಳ ಪಟ್ಟಿ. ಅದರಲ್ಲಿ ಸತ್ಯಜಿತ ರಾಯರ ‘ಪಥೇರ ಪಾಂಚಾಲಿ’ಗೆ ಮೊದಲನೆಯ ಸ್ಥಾನ, ‘ಶೋಲೆ’ಗೆ ಹತ್ತನೆಯದು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವು (೧೯೭೭) ಐದನೆಯದು. ಕನ್ನಡದ ಚಿತ್ರ ಅದೊಂದೇ. ಕೆಲವರು ಹಿಗ್ಗಿದರು, ಕೆಲವರು ‘ಬಂಗಾರದ ಮನುಷ್ಯ’ (೧೯೭೨) ಎಲ್ಲಿ ಎಂದು ಕೇಳಿದರು. ಈ ಎರಡನೆಯ ಪ್ರಶ್ನೆಯನ್ನು ನಗುತ್ತ ತಳ್ಳಿಹಾಕುವ ವಿದ್ಯಾವಂತರ ರೂಢಿಯು ಒಳ್ಳೆಯದಲ್ಲ.

ಸಿದ್ಧಲಿಂಗಯ್ಯನವರ ಆ ಚಿತ್ರದಲ್ಲಿ ರಾಜೀವನು ಬರಡು ನೆಲವನ್ನು ಹಸನು ಮಾಡಲು ಹೊರಡುವ ಭಾಗವು ಭಾವದಲ್ಲಿ ಎಲ್ಲಿಯೂ ಸುಳ್ಳಾಡುವುದಿಲ್ಲ. ಮಳೆಯನ್ನು ನಂಬಲಾಗದ ಟಿಕೋಟಾ, ಬಬಲೇಶ್ವರಗಳ ಒಕ್ಕಲಿನ ಮನೆಗಳಿಗೆ, ಕಲ್ಲುನೆಲದಲ್ಲಿ ಹಸುರನ್ನು ಕಾಣುವ ಆಸೆಯೇನೆಂಬುದನ್ನು ವಿವರಿಸಬೇಕಿಲ್ಲ. ಮುಂದಿನ ಕುಟುಂಬಕಲಹವು ಉದ್ದವಾಗಿದೆ, ಕೃತಕವೂ ಆಗಿದೆ. ಹಾಡುಗಳು ಕಥೆಯನ್ನು ಕಾಯಿಸುತ್ತವೆ. ಆದರೆ ತಾನು ಕಟ್ಟಿದ ಮನೆಯನ್ನು ನಾಯಕನು ತಾನೇ ಬಿಟ್ಟು ನಡೆಯುವ ಕೊನೆಯಲ್ಲಿ, ಜನಪ್ರಿಯ ಚಿತ್ರಗಳಲ್ಲಿ ಕಾಣಸಿಗದ ಸಂಯಮವಿದೆ.

‘ಘಟಶ್ರಾದ್ಧ’ದ ಬಲವು ಬೇರೆ ಜಾತಿಯದು. ಅನಂತಮೂರ್ತಿಯವರ ಕಥೆಯಲ್ಲಿಯ ಬಾಲವಿಧವೆ ಯಮುನೆಯು ಗರ್ಭಿಣಿಯಾಗುತ್ತಾಳೆ. ಬದುಕಿರುವ ಮಗಳಿಗೆ ತಂದೆಯು ಶ್ರಾದ್ಧ ಮಾಡುತ್ತಾನೆ. ಇದನ್ನೆಲ್ಲ ಕಾಸರವಳ್ಳಿಯವರು ವೇದಪಾಠಕ್ಕೆ ಬಂದ ನಾಣಿಯೆಂಬ ಹುಡುಗನ ಕಣ್ಣಿನಿಂದ ಕಾಣಿಸಿದ್ದಾರೆ. ಹುಡುಗನಿಗೆ ಪೂರ್ತಿ ತಿಳಿಯದು. ಆದುದರಿಂದಲೇ ಚಿತ್ರದಲ್ಲಿ ಯಾರೂ ಪ್ರೇಕ್ಷಕನಿಗೆ ಉಪದೇಶಿಸುವುದಿಲ್ಲ. ಮಲೆನಾಡಿನ ಅಗ್ರಹಾರವು ಬಯಲುಸೀಮೆಗೆ ದೂರದ್ದೆಂಬ ಆಕ್ಷೇಪವು ನಿಲ್ಲದು. ಕೇಶಮುಂಡನ ಮಾಡಿಸಿಕೊಂಡು ಹಿತ್ತಿಲ ಕೋಣೆಯಲ್ಲಿ ದಿನ ಕಳೆದ ಹೆಣ್ಣುಮಕ್ಕಳನ್ನು ಈ ಭಾಗದ ಹಳೆಯ ವಾಡೆಗಳೂ ಕಂಡಿವೆ. ಕಲೆಯ ದೃಷ್ಟಿಯಿಂದ ‘ಘಟಶ್ರಾದ್ಧ’ವೇ ಮೇಲು, ಅದರಲ್ಲಿ ಸಂದೇಹಕ್ಕೆಡೆಯಿಲ್ಲ. ಆದರೆ ಜನರ ಬಾಳಿನೊಳಗೆ ಹೊಕ್ಕು ನಿಂತುದು ಯಾವುದೆಂದು ಕೇಳಿದರೆ ಉತ್ತರವು ಬೇರೆಯಾಗುತ್ತದೆ. ಎರಡು ಪ್ರಶ್ನೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿದುದೇ ಜಗಳದ ಮೂಲ.

ಉತ್ತರ ಕರ್ನಾಟಕದ ಓದುಗನಿಗೆ ಇನ್ನೊಂದು ಕೊರಗುಂಟು. ಇಲ್ಲಿಯ ಮಾತನ್ನು ಬಹುಕಾಲ ಚಿತ್ರಗಳಲ್ಲಿ ವಿದೂಷಕನ ಬಾಯಿಗೆ ಕೊಟ್ಟರು. ‘ಸಂತ ಶಿಶುನಾಳ ಶರೀಫ’ (೧೯೯೦), ‘ನಾಗಮಂಡಲ’ (೧೯೯೭) ಇವುಗಳಲ್ಲಿ ನಾಗಾಭರಣರು ಅದಕ್ಕೆ ಗಾಂಭೀರ್ಯವನ್ನು ಮರಳಿ ತಂದರು. ರಂ. ಶಾ. ಲೋಕಾಪುರರ ಕಾದಂಬರಿಯನ್ನಾಧರಿಸಿದ ಕಾಸರವಳ್ಳಿಯವರ ‘ತಾಯಿಸಾಹೇಬ’ವು (೧೯೯೭) ಸ್ವರ್ಣಕಮಲವನ್ನು ಪಡೆದರೂ ಶ್ರೇಷ್ಠತೆಯ ವಾದಗಳಲ್ಲಿ ಅದರ ಹೆಸರು ಕೇಳಿಬರುವುದು ಅಪೂರ್ವ. ದತ್ತಕದ ಕಟ್ಟಳೆ ಮನೆಯೊಂದನ್ನು ಹೇಗೆ ಕಟ್ಟುತ್ತದೆ, ಹೇಗೆ ಒಡೆಯುತ್ತದೆ ಎಂಬುದನ್ನು ಅಷ್ಟು ಸೂಕ್ಷ್ಮವಾಗಿ ತೋರಿಸಿದ ಚಿತ್ರವು ಕನ್ನಡದಲ್ಲಿ ಮತ್ತೊಂದಿಲ್ಲ.

ಇವೆಲ್ಲ ಉಳಿದ ಚಿತ್ರಗಳ ಮಾತಾಯಿತು. ಉಳಿಯದವುಗಳ ಗತಿ? ಕನ್ನಡದ ಮೊದಲನೆಯ ಬೋಲಪಟ ‘ಸತಿ ಸುಲೋಚನಾ’ವು ೧೯೩೪ನೆಯ ಮಾರ್ಚ್ ೩ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು, ತಯಾರಾದುದು ಮಾತ್ರ ಕೊಲ್ಲಾಪುರದ ಛತ್ರಪತಿ ಸಿನೆಟೋನಿನಲ್ಲಿ. ನಿರ್ದೇಶಕರು ವೈ. ವಿ. ರಾವ್, ಇಂದ್ರಜಿತುವಾಗಿ ಸುಬ್ಬಯ್ಯನಾಯುಡು, ರಾವಣನಾಗಿ ಆರ್. ನಾಗೇಂದ್ರರಾಯರು, ಸುಲೋಚನೆಯಾಗಿ ತ್ರಿಪುರಾಂಬಾ. ವಿಜಯಪುರಕ್ಕೆ ಬೆಂಗಳೂರಿಗಿಂತ ಕೊಲ್ಲಾಪುರವೇ ಬಹಳ ಹತ್ತಿರ; ಜಿಲ್ಲೆಯು ೧೯೫೬ರವರೆಗೆ ಮುಂಬಯಿ ಆಡಳಿತದಲ್ಲಿಯೇ ಇತ್ತು. ಅದೇ ಕೊಲ್ಲಾಪುರದಲ್ಲಿ ಹುಟ್ಟಿ ಪುಣೆಗೆ ಹೋದ ಪ್ರಭಾತ ಕಂಪನಿಯ ಮರಾಠಿ ‘ಸಂತ ತುಕಾರಾಮ’ವನ್ನು (೧೯೩೬) ಈಗಲೂ ನೋಡಬಹುದು, ಅದರ ಗುಣದೋಷಗಳನ್ನು ಎಣಿಸಬಹುದು. ‘ಸತಿ ಸುಲೋಚನಾ’ದ ಪ್ರತಿಯು ಎಲ್ಲಿಯೂ ಸಿಕ್ಕಿಲ್ಲ. ಅದು ಶ್ರೇಷ್ಠವಾಗಿತ್ತೋ, ಕಂಪನಿ ನಾಟಕದ ನೆರಳಷ್ಟೇ ಆಗಿತ್ತೋ, ಹೇಳಬಲ್ಲವರಾರು? ಪಟ್ಟಿಯ ಕೆಳತುದಿಯಲ್ಲಿ ನಿಲ್ಲುವ ಹಕ್ಕೂ ಅದಕ್ಕಿಲ್ಲ.

‘ಘಟಶ್ರಾದ್ಧ’ಕ್ಕೆ ಈ ಗತಿ ಬರಲಿಲ್ಲ. ಅದನ್ನು ಜೀರ್ಣೋದ್ಧಾರಗೊಳಿಸಿ ೨೦೨೪ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲಾಯಿತು. ಪಟ್ಟಿಯಲ್ಲಿ ಬಂದುದೇ ಅದಕ್ಕೆ ಕಾರಣವೆಂದು ಹೇಳಲಾಗದು. ಆದರೂ ಹೆಸರುಳಿದ ಚಿತ್ರಕ್ಕೆ ರಕ್ಷಕರು ಬೇಗ ಸಿಕ್ಕುತ್ತಾರೆ. ಹೆಸರಿಲ್ಲದುದು ಡಬ್ಬಿಯಲ್ಲಿಯೇ ಹುಳಿಯುತ್ತದೆ. ಆದುದರಿಂದ ಐದನೆಯದೋ ಏಳನೆಯದೋ ಎಂಬ ಜಗಳಕ್ಕಿಂತ, ನೂರರ ಆಚೆಗೆ ಬಿದ್ದವುಗಳ ಹೆಸರುಗಳನ್ನು ಬರೆದಿಡುವ ಕೆಲಸವು ಅಗತ್ಯದ್ದು. ಜಾತ್ರೆಯ ಡೇರೆಯಲ್ಲಿ ನೆಲದ ಮೇಲೆ ಕುಳಿತು ಚಿತ್ರ ನೋಡಿದ ಹಿರಿಯರು ಬಬಲೇಶ್ವರ, ಟಿಕೋಟಾಗಳ ಮನೆಗಳಲ್ಲಿ ಇನ್ನೂ ಇದ್ದಾರೆ. ಅವರ ಹತ್ತು ಯಾವುವೆಂದು ಇದುವರೆಗೆ ಯಾವ ಪತ್ರಿಕೆಯೂ ಕೇಳಿಲ್ಲ.