ಮುಟ್ಟದೆ ನೋಡುವ ಪರೀಕ್ಷೆ

ಅವಧಿಗೆ ಮುನ್ನ ಹುಟ್ಟಿ, ಐಸಿಯು ದಾಟಿ ಮನೆಗೆ ಹೋದ ಮಗುವಿನ ಬೆಳವಣಿಗೆಯನ್ನು ಅಳೆಯುವಾಗ ವಯಸ್ಸನ್ನು ಹೆರಿಗೆಯ ನಿರೀಕ್ಷಿತ ದಿನದಿಂದ ಎಣಿಸುತ್ತಾರೆ. ಎರಡು ತಿಂಗಳು ಮೊದಲೇ ಹುಟ್ಟಿದ ಕೂಸಿಗೆ ಐದು ತಿಂಗಳು ತುಂಬಿದಾಗ ತಿದ್ದಿದ ವಯಸ್ಸು ಮೂರೇ ತಿಂಗಳು. ಆ ಹೊತ್ತಿನ ಮರುತಪಾಸಣೆಯಲ್ಲಿ ಅತ್ಯಂತ ಸೊಗಸಾದದ್ದು ಆಸ್ಟ್ರಿಯಾ ಮೂಲದ ಹೈಂಜ್ ಪ್ರೆಕ್ಟಲ್ ರೂಪಿಸಿದ ಚಲನೆಯ ಪರೀಕ್ಷೆ. ಇದರಲ್ಲಿ ಮಗುವನ್ನು ಯಾರೂ ಮುಟ್ಟುವುದಿಲ್ಲ. ಅಳದೆ, ಎಚ್ಚರವಾಗಿ ಅಂಗಾತ ಮಲಗಿರುವಾಗ ಕೆಲವು ನಿಮಿಷ ವಿಡಿಯೊ ತೆಗೆದರೆ ಸಾಕು. ಆಟಿಕೆ, ಮಾತು ಯಾವುದೂ ಬೇಡ. ತಿದ್ದಿದ ವಯಸ್ಸಿನ 9ರಿಂದ 20 ವಾರಗಳ ನಡುವೆ ಶಿಶುವಿನ ಕತ್ತು, ಮುಂಡ, ಕೈಕಾಲುಗಳಲ್ಲಿ ಎಲ್ಲ ದಿಕ್ಕಿಗೂ ಪುಟ್ಟ ಚಲನೆಗಳು ಮಿಡಿಯುತ್ತಿರಬೇಕು. ಅವು ಕಾಣದಿದ್ದರೆ ಸೆರೆಬ್ರಲ್ ಪಾಲ್ಸಿಯ ಶಂಕೆ ಬಲವಾಗುತ್ತದೆ. ಮನೆಯವರಿಗೆ ಅದು ಕೈಕಾಲು ಬಡಿಯುವ ಆಟ. ಪಳಗಿದ ಕಣ್ಣಿಗೆ ಮಿದುಳಿನ ಬರವಣಿಗೆ. ಬೇಗ ಗುರುತಿಸಿದರೆ, ಮಿದುಳು ಇನ್ನೂ ಮಣಿಯುವ ತಿಂಗಳುಗಳಲ್ಲೇ ಫಿಸಿಯೋಥೆರಪಿ ಆರಂಭಿಸಬಹುದು.