ದಗಡೂ ಯಾವ ಭಾಷೆಯವನು?

ಜಯಂತ ಕಾಯ್ಕಿಣಿಯವರ ‘ದಗಡೂ ಪರಬನ ಅಶ್ವಮೇಧ’ದ ದಗಡೂ ಹೆಸರಿನಿಂದಲೇ ಮರಾಠಿಗ. ಕತೆಯಲ್ಲಿ ಮಾತ್ರ ಕನ್ನಡದವನು. ಓದುವಾಗ ಅದು ಗೊತ್ತೇ ಆಗುವುದಿಲ್ಲ. ಗೋಕರ್ಣದ, ಮನೆಮಾತು ಕೊಂಕಣಿಯ ಲೇಖಕರಿಗೆ ಇದು ಸಹಜ. ಒಂದು ಭಾಷೆಯಲ್ಲಿ ಕೇಳಿ ಇನ್ನೊಂದರಲ್ಲಿ ಹೇಳುವುದು ನಮ್ಮ ಕರಾವಳಿಯವರ ಅಭ್ಯಾಸ. ನಮ್ಮನೆಯಲ್ಲೂ ಅಮ್ಮನ ಹತ್ತಿರ ತುಳು, ಕಾಗದಕ್ಕೆ ಕನ್ನಡ, ಭಾಜಿ ಮಾರ್ಕೆಟ್ಟಿನಲ್ಲಿ ಮರಾಠಿ, ಲೋಕಲ್ಲಿನಲ್ಲಿ ಹಿಂದಿ.

ಆದರೂ ನನ್ನದೊಂದು ತಕರಾರಿದೆ. ಈ ಸಲೀಸು ಕನ್ನಡದಲ್ಲಿ ಮುಂಬಯಿಯ ಭಾಷೆಗಳ ತಿಕ್ಕಾಟ, ತಡವರಿಕೆ ಎಲ್ಲೋ ಅಡಗಿಹೋಗುತ್ತದೆ. ಡೊಂಬಿವಲಿಯಲ್ಲೇ ಬೆಳೆದ ಮಗಳು ಈ ಕತೆ ಓದಿದ್ದು ತೇಜಸ್ವಿನಿ ನಿರಂಜನರ ಇಂಗ್ಲಿಷಿನಲ್ಲಿ, 2018ರ ಡಿಎಸ್‌ಸಿ ಪ್ರಶಸ್ತಿ ಪಡೆದ ‘ನೋ ಪ್ರೆಸೆಂಟ್ಸ್ ಪ್ಲೀಸ್’ನಲ್ಲಿ.

“ದಗಡೂ ನಮ್ಮ ಬಿಲ್ಡಿಂಗಿನವನ ಹಾಗೇ ಇದ್ದಾನೆ ಪಪ್ಪಾ. ಇದನ್ನ ಕನ್ನಡದಲ್ಲಿ ಯಾಕೆ ಬರೆದ್ರು?” ಅಂದಳು, ಹಿಂದಿಯಲ್ಲಿ.